ಮಡಿಕೇರಿಯ ಮಳೆಯಲ್ಲಿ ಹೊಸ ಮೊಲವನ್ನು ಸಾಕುವುದು ಹೇಗೆ?

2 ತಿಂಗಳ ಮೊಲದ ಮರಿ ತಂದಿದ್ದೀರಿ, ಕ್ಯಾರೆಟ್ ಕೊಟ್ಟರೆ ಸಾಕಾ ಎಂದು ಕೇಳಿದ್ದೀರಿ. ಸಾಲದು. ಕ್ಯಾರೆಟ್‌ನಲ್ಲಿ ಸಕ್ಕರೆ ಜಾಸ್ತಿ, ಅದು ಅಪರೂಪದ ತಿಂಡಿ ಅಷ್ಟೇ. ಮೊಲದ ನಿಜವಾದ ಊಟ ಒಣಹುಲ್ಲು, ಜೊತೆಗೆ ಸದಾ ಶುದ್ಧ ನೀರು. ಅದರ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದೇ ಸವೆಯಬೇಕು. ಹೊಟ್ಟೆ ಸರಿಯಾಗಿರುವುದೂ ಆ ನಾರಿನಿಂದಲೇ.

ಕೊಡಗಿನಲ್ಲಿ ಕಷ್ಟ ಇರುವುದು ಇಲ್ಲೇ. ಜೂನ್ ಬಂತೆಂದರೆ ನಮ್ಮ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹುಲ್ಲು ಒಣಗುತ್ತದೆಯೇ? ಮಳೆಗೆ ಮೊದಲೇ ತಂದು ಅಟ್ಟದಲ್ಲಿಡಿ. ಬೂಸ್ಟು ಹಿಡಿದದ್ದನ್ನು ಕೊಡಲೇಬೇಡಿ. ಕಾಫಿ ಗಿಡಕ್ಕೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆದ ಕಡೆ ಹಸಿಹುಲ್ಲು ಕೊಯ್ಯಬೇಡಿ, ಆ ದ್ರಾವಣದಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ, ಅದು ಮೊಲಕ್ಕೆ ವಿಷ.

ಗೂಡು ಎರಚಲು ಬೀಳದ ಕಡೆ ಇರಲಿ. ಮೊಲ ಚಳಿ ತಡೆಯುತ್ತದೆ, ಒದ್ದೆ ತಡೆಯುವುದಿಲ್ಲ. ಬರೀ ತಂತಿಯ ನೆಲವಾದರೆ ಪಾದ ಹುಣ್ಣಾಗುತ್ತದೆ, ಹಲಗೆ ಹಾಕಿ. ಸ್ನಾನ ಬೇಡ. ಕಿವಿ ಹಿಡಿದು ಎತ್ತುವುದಂತೂ ಬೇಡವೇ ಬೇಡ.

ತನ್ನದೇ ಮೆತ್ತನೆಯ ಹಿಕ್ಕೆ ತಿಂದರೆ ಗಾಬರಿಯಾಗಬೇಡಿ, ಅದು ಸಹಜ. ಆದರೆ 12 ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಸುಮ್ನೆ ಮುದುರಿ ಕೂತರೆ ತಡಮಾಡದೆ ಪಶುವೈದ್ಯರ ಹತ್ತಿರ ಓಡಿ.