ಪವರ್ ಬಿಐ: ಒಂದೇ ಕಾಲಂನಲ್ಲಿ ತುಂಬಿರುವ ಜೇಸನ್ ಡೇಟಾವನ್ನು ಒಂದೇ ಕ್ಲಿಕ್‌ನಲ್ಲಿ ಎಲ್ಲ ಕಾಲಂಗಳಾಗಿ ಬಿಡಿಸುವುದು ಹೇಗೆ?

ಕ್ಲಿಕ್ ಇದೆ. ಜೇಸನ್ ಅಂದರೆ ಹಲವು ಹೆಸರುಗಳನ್ನೂ (ಫೀಲ್ಡ್) ಅವುಗಳ ಮಾಹಿತಿಯನ್ನೂ ಒಂದೇ ಪಠ್ಯವಾಗಿ ಜೋಡಿಸಿ ಬರೆಯುವ ರೀತಿ. ಮೈಕ್ರೋಸಾಫ್ಟಿನ ರಿಪೋರ್ಟ್ ತಂತ್ರಾಂಶ ಪವರ್ ಬಿಐ ಒಳಗೆ ಡೇಟಾ ಹದ ಮಾಡುವ ಭಾಗವಾದ ಪವರ್ ಕ್ವೆರಿಯಲ್ಲಿ ಆ ಕಾಲಂ ಆರಿಸಿ ಟ್ರಾನ್ಸ್‌ಫಾರ್ಮ್, ಪಾರ್ಸ್, ಜೇಸನ್ ಒತ್ತಿ. ಆಮೇಲೆ ಕಾಲಂ ಹೆಸರಿನ ಪಕ್ಕ ಬರುವ ಜೋಡಿ ಬಾಣದ ಗುರುತು ಒತ್ತಿದರೆ ಬಿಡಿಸಿಕೊಳ್ಳುತ್ತದೆ. ಆದರೆ "ಎಲ್ಲ ಕಾಲಂ" ಅಂತ ಕೇಳಿದ್ದೀರಲ್ಲ, ನಾನು ಪೆಟ್ಟು ತಿಂದದ್ದು ಅಲ್ಲೇ.

ಕುಶಾಲನಗರದ ಹತ್ತಿರ ಕಾಫಿ ಖರೀದಿ ಮಾಡುವ ಒಂದು ಕಡೆ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಸೋಮವಾರಪೇಟೆ, ಮಾದಾಪುರದ ಕಡೆಯಿಂದ ಅರೇಬಿಕಾ ಬರುತ್ತಿತ್ತು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದಿಂದ ರೋಬಸ್ಟಾ. ತೂಕ ಹಾಕುವವರು ಮೊಬೈಲ್ ಆಪ್‌ನಲ್ಲಿ ನಮೂದಿಸಿದರೆ ಲಾಟ್‌ಗೆ ಒಂದು ಸಾಲು ಬೀಳುತ್ತಿತ್ತು. ಲಾಟ್ ನಂಬರ್, ದಿನಾಂಕ, ಊರು ನೇರವಾಗಿ ಕಾಲಂಗಳಲ್ಲಿ. ಚೀಲ, ತೂಕ, ಔಟ್ ಟರ್ನ್ (ಸಿಪ್ಪೆ ಕಳೆದು ಸಿಗುವ ಬೀಜದ ಪಾಲು) ಮೊದಲಾದವೆಲ್ಲ "ವಿವರ" ಎಂಬ ಒಂದೇ ಕಾಲಂನಲ್ಲಿ ಜೇಸನ್ ಆಗಿ.

ನಾನು ರಿಪೋರ್ಟ್ ಕಟ್ಟಿದ್ದು ಡಿಸೆಂಬರಿನಲ್ಲಿ. ನಮ್ಮಲ್ಲಿ ಮೊದಲು ಅರೇಬಿಕಾ ಕುಯ್ಲು, ರೋಬಸ್ಟಾ ಅದರ ಹಿಂದೆ. ಅಂದರೆ ನನ್ನ ಎದುರಿಗಿದ್ದದ್ದು ಬರೀ ಅರೇಬಿಕಾ ಲಾಟ್‌ಗಳು. ಬಾಣ ಒತ್ತಿದೆ, ಪಟ್ಟಿ ಬಂತು, ಎಲ್ಲದಕ್ಕೂ ಟಿಕ್ ಹಾಕಿ ಓಕೆ ಕೊಟ್ಟೆ. ರೋಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ) ಬರತೊಡಗಿದಾಗ ಸರಿಯಾಗಿ ಒಣಗದ ಲಾಟ್‌ಗಳೂ ಬಂದವು. ಅದಕ್ಕೆಂದು ಆಪ್ ಮಾಡಿದವರು ಜೇಸನ್ ಒಳಗೆ "ತೇವದ ಕಡಿತ" ಎಂಬ ಹೊಸ ಫೀಲ್ಡ್ ಸೇರಿಸಿದರು. ಅದು ನನ್ನ ರಿಪೋರ್ಟಿಗೆ ಬರಲೇ ಇಲ್ಲ.

ಯಾಕೆ ಬರಲಿಲ್ಲ ಅನ್ನೋದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ನಿಮಗೆ ಬೇಕಾದದ್ದು ಇದೇ. ಆ ಬಾಣ "ಏನಿದ್ದರೂ ಬಿಡಿಸು" ಎಂಬ ಆಜ್ಞೆ ಅಲ್ಲ. ಅದು ಮೇಲಿನ ಒಂದಷ್ಟು ಸಾಲುಗಳನ್ನು ಮಾತ್ರ ನೋಡಿ ಫೀಲ್ಡ್ ಹೆಸರುಗಳನ್ನು ಹೆಕ್ಕುತ್ತದೆ. ಪಟ್ಟಿ ಅಪೂರ್ಣವಿರಬಹುದು ಎಂಬ ಎಚ್ಚರಿಕೆ, ಪಕ್ಕದಲ್ಲಿ "ಲೋಡ್ ಮೋರ್" ಕಾಣುವುದು ಅದಕ್ಕೇ. ಓಕೆ ಕೊಟ್ಟ ಕ್ಷಣ ಆ ಹೆಸರುಗಳು ಟೇಬಲ್.ಎಕ್ಸ್‌ಪ್ಯಾಂಡ್‌ರೆಕಾರ್ಡ್‌ಕಾಲಂ ಎಂಬ ಸೂತ್ರದೊಳಗೆ ಅಕ್ಷರಶಃ ಬರೆಯಲ್ಪಟ್ಟು ಅಲ್ಲೇ ನಿಂತುಬಿಡುತ್ತವೆ. ನಾಳೆ ಹೊಸ ಫೀಲ್ಡ್ ಬಂದರೆ ಸೂತ್ರಕ್ಕೆ ಅದರ ಪರಿಚಯವೇ ಇಲ್ಲ. ಎರರ್ ಇಲ್ಲ, ಹಳದಿ ಗುರುತಿಲ್ಲ. ರಿಫ್ರೆಶ್, ಅಂದರೆ ಹೊಸ ಡೇಟಾ ಎಳೆದುಕೊಳ್ಳುವುದು, ದಿನಾ ಸರಿಯಾಗಿ ಮುಗಿಯುತ್ತದೆ. ನಾನು "ಲೋಡ್ ಮೋರ್" ಒತ್ತಿದ್ದರೂ ಪ್ರಯೋಜನ ಇರಲಿಲ್ಲ, ಆ ಫೀಲ್ಡ್ ಡಿಸೆಂಬರಿನಲ್ಲಿ ಹುಟ್ಟೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. ಶೇ. 14 ತೇವ ಇರುವ 50 ಕಿಲೋ ಚೀಲ ಶೇ. 11ಕ್ಕೆ ಒಣಗಿದರೆ ಉಳಿಯುವುದು ಸುಮಾರು 48.3 ಕಿಲೋ. ಅಂಥ ಸಾವಿರ ಚೀಲಕ್ಕೆ ಹೆಚ್ಚು ಕಡಿಮೆ 1.7 ಟನ್ ವ್ಯತ್ಯಾಸ. ಬೆಳೆಗಾರರಿಗೆ ದುಡ್ಡು ಬೇರೆ ಸಾಫ್ಟ್‌ವೇರ್‌ನಿಂದ ಕಡಿತ ಮುರಿದುಕೊಂಡೇ ಹೋಗುತ್ತಿತ್ತು, ಹಾಗಾಗಿ ಅಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಸ್ಟಾಕ್ ಮಾತ್ರ ನನ್ನ ರಿಪೋರ್ಟ್ ನೋಡಿ ಹೇಳುತ್ತಿದ್ದರು. ಆ ಅಂಕಿ ನಂಬಿ ಮಾಲು ಕೊಡುತ್ತೇವೆಂದು ಮಾತು ಕೊಟ್ಟಾಗಿತ್ತು. ಕೊನೆಗೆ ಕಮ್ಮಿ ಬಿದ್ದದ್ದನ್ನು ಹೊರಗಿನಿಂದ, ಏರಿದ ದರಕ್ಕೆ ಕೊಂಡು ತುಂಬಿಸಬೇಕಾಯಿತು. ಆ ದುಡ್ಡು ಮಾಲೀಕರ ಕೈಯಿಂದ ಹೋಯಿತು, ನನ್ನ ಅಂಕಿಯ ಮೇಲೆ ಅವರಿಗಿದ್ದ ನಂಬಿಕೆಯೂ ಹೋಯಿತು.

ಆದ್ದರಿಂದ "ಎಲ್ಲ ಕಾಲಂ ಬೇಕು" ಅನ್ನುವ ಆಸೆಯನ್ನೇ ಬಿಡಿ ಅನ್ನುತ್ತೇನೆ. ಹೊಸ ಫೀಲ್ಡ್ ಬಂದರೆ ತಾನಾಗಿ ಕಾಲಂ ಆಗುವ ಹಾಗೆ ಸೂತ್ರ ಬರೆಯಬಹುದು, ಹಾಗೆ ಸಲಹೆ ಕೊಡುವವರೂ ಸಿಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾಲಂ ತಾನಾಗಿ ಬಂದರೂ ಕಡಿತವನ್ನು ತೂಕದಿಂದ ಕಳೆಯಬೇಕು ಅಂತ ಅದಕ್ಕೆ ಗೊತ್ತಾಗುತ್ತದೆಯೇ? ಅದನ್ನು ಮನುಷ್ಯನೇ ನೋಡಿ ತೀರ್ಮಾನಿಸಬೇಕು. ಜೇಸನ್ ಕಳಿಸುವವರ ಹತ್ತಿರ ಕೂತು ಯಾವ ಫೀಲ್ಡ್ ಏನು, ಯಾವಾಗ ಬರುತ್ತದೆ ಎಂದು ಬರೆಸಿಕೊಳ್ಳಿ. ಬೇಕಾದ ಹೆಸರುಗಳನ್ನು ನೀವೇ ಸೂತ್ರದಲ್ಲಿ ಟೈಪ್ ಮಾಡಿ. ಆಮೇಲೆ ಇನ್ನೊಂದು ಚಿಕ್ಕ ಕ್ವೆರಿ ಮಾಡಿ: ಪಾರ್ಸ್ ಆದ ಪ್ರತಿ ಸಾಲಿಗೂ ರೆಕಾರ್ಡ್.ಫೀಲ್ಡ್‌ನೇಮ್ಸ್ ಹಾಕಿ, ಬಂದ ಹೆಸರುಗಳನ್ನು ಲಿಸ್ಟ್.ಯೂನಿಯನ್‌ನಿಂದ ಒಂದೆಡೆ ಸೇರಿಸಿ, ನಿಮ್ಮ ಪಟ್ಟಿಯಲ್ಲಿ ಇಲ್ಲದವನ್ನು ರಿಪೋರ್ಟಿನ ಮೊದಲ ಪುಟದಲ್ಲೇ ತೋರಿಸಿ. ಅಲ್ಲಿ ಅಪರಿಚಿತ ಹೆಸರು ಕಂಡ ದಿನ ಫೋನ್ ಮಾಡಿ ಕೇಳಿ.

ಜೇಸನ್ ಒಳಗೆ ಪಟ್ಟಿ ಇದ್ದರೆ, ಉದಾಹರಣೆಗೆ ಒಂದು ಲಾಟ್‌ಗೆ ಮೂರು ಸಲ ತೇವ ಅಳೆದಿದ್ದರೆ, ಅದನ್ನು ಸಾಲುಗಳಾಗಿ ಬಿಡಿಸಿದಾಗ ಲಾಟ್‌ನ ತೂಕವೂ ಮೂರು ಸಲ ಬರುತ್ತದೆ. ಅದನ್ನು ಬೇರೆ ಟೇಬಲ್ ಮಾಡಿ ಲಾಟ್ ನಂಬರಿನಿಂದ ಜೋಡಿಸಿ.

ಡೇಟಾ ಬರುವುದು ಡೇಟಾಬೇಸ್‌ನಿಂದಲಾದರೆ ಪವರ್ ಬಿಐಯಲ್ಲಿ ಈ ಕೆಲಸ ಮಾಡಲೇಬೇಡಿ. ಜೇಸನ್ ಬಿಡಿಸಲು ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ 2016ರ ಆವೃತ್ತಿಯಿಂದ ಓಪನ್‌ಜೇಸನ್ (OPENJSON) ಇದೆ, ಮೈಎಸ್‌ಕ್ಯೂಎಲ್ 8.0ರಲ್ಲಿ ಜೇಸನ್ ಟೇಬಲ್ (JSON_TABLE) ಇದೆ. ಅಲ್ಲೇ ಬಿಡಿಸಿ ವ್ಯೂ (ಡೇಟಾಬೇಸ್‌ನಲ್ಲಿ ಉಳಿಸಿಟ್ಟ, ಟೇಬಲ್‌ನಂತೆ ಓದಬಹುದಾದ ಕ್ವೆರಿ) ಮಾಡಿಸಿಕೊಂಡರೆ ರಿಫ್ರೆಶ್ ಸಹ ಹಗುರಾಗುತ್ತದೆ.

ನಿಮ್ಮ ರಿಪೋರ್ಟ್ ಈಗಾಗಲೇ ಓಡುತ್ತಿದ್ದರೆ ಪವರ್ ಕ್ವೆರಿಯಲ್ಲಿ ಸೂತ್ರಗಳೆಲ್ಲ ಕಾಣುವ ಅಡ್ವಾನ್ಸ್‌ಡ್ ಎಡಿಟರ್ ತೆರೆದು ಎಕ್ಸ್‌ಪ್ಯಾಂಡ್ ಇರುವ ಸಾಲು ಹುಡುಕಿ. ಅಲ್ಲಿರುವ ಹೆಸರುಗಳನ್ನು ಈ ವಾರ ಬಂದ ಒಂದು ಜೇಸನ್ ಜೊತೆ ತಾಳೆ ನೋಡಿ, ಉಳಿದದ್ದು ಆಮೇಲೆ.