ಮೋಟಾರು ಬರುವ ಮೊದಲು ಧಾರವಾಡ ಜಿಲ್ಲೆಯ ಹಳ್ಳಿ ರಸ್ತೆಗಳಿಗೆ ಸಂಚಾರ ನಿಯಮ ಇತ್ತೇ?

ಇತ್ತು, ಆದರೆ ಒಂದೇ ಪುಸ್ತಕದಲ್ಲಿ ಇರಲಿಲ್ಲ. ಗದಗ, ಹಾವೇರಿ ಆಗ ಧಾರವಾಡ ಜಿಲ್ಲೆಯವೇ. ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು.

ಚಕ್ಕಡಿ (ಎತ್ತಿನ ಗಾಡಿ) ಹೊಡೆಯುವವನಿಗೆ ಮೊದಲು ತಟ್ಟುತ್ತಿದ್ದದ್ದು 1860ರ ದಂಡ ಸಂಹಿತೆ. ಜೀವಕ್ಕೆ ಅಪಾಯವಾಗುವಂತೆ ಅಡ್ಡಾದಿಡ್ಡಿ ಗಾಡಿ ಹೊಡೆದರೆ 279ನೇ ಕಲಂ: ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅರಳೆ ಅಂಡಿಗೆ ಹೇರಿದ ಚಕ್ಕಡಿಯನ್ನು ನಡುರಸ್ತೆಯಲ್ಲಿ ಎತ್ತು ಬಿಚ್ಚಿ ಬಿಟ್ಟು ದಾರಿ ಕಟ್ಟಿದರೆ 283ನೇ ಕಲಂ, ಇನ್ನೂರು ರೂಪಾಯಿವರೆಗೆ ದಂಡ. ಆ ಕಾಲದ ರೈತನಿಗೆ ಇದು ಸಣ್ಣ ಮೊತ್ತವಲ್ಲ.

ಸ್ಥಳೀಯ ಆಡಳಿತದ ಪಾತ್ರ ಬೇರೆ. 1869ರ ಕಾಯ್ದೆಯಂತೆ ಭೂಕಂದಾಯದ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಸೆಸ್ (ಮೇಲ್ತೆರಿಗೆ); ರಸ್ತೆ, ಶಾಲೆ ಅದರಿಂದಲೇ. 1884ರಲ್ಲಿ ಜಿಲ್ಲಾ ಮತ್ತು ತಾಲೂಕು ಲೋಕಲ್ ಬೋರ್ಡ್‌ಗಳು ಬಂದವು. 1875ರ ಸುಂಕದ ಕಾಯ್ದೆ ರಸ್ತೆ, ಸೇತುವೆಗಳಲ್ಲಿ ಟೋಲ್ ವಸೂಲಿಗೆ ದಾರಿ ಮಾಡಿತ್ತು. ನನ್ನ ಮಟ್ಟಿಗೆ ಹಳ್ಳಿಯವರಿಗೆ ನಿಜವಾಗಿ ಕಾಣುತ್ತಿದ್ದ ಸರ್ಕಾರ ಈ ಟೋಲ್ ನಾಕೆಯೇ. ರಸ್ತೆ ರಿಪೇರಿಯ ಖರ್ಚೂ ಸುಳ್ಳಲ್ಲ: ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಮಳೆ ಬಿದ್ದ ಮೇಲೆ ಕಬ್ಬಿಣದ ಪಟ್ಟಿಯ ಗಾಲಿ ಮೊಳದಾಳ ಹೂತು ಹೋಗುತ್ತದೆ, ಜಡಿದ ಖಡಿಯೂ ಕಿತ್ತು ಬರುತ್ತದೆ.

1914ರ ಮೋಟಾರು ವಾಹನ ಕಾಯ್ದೆಯಲ್ಲಿ ನೋಂದಣಿ, ಲೈಸೆನ್ಸ್, 18 ವರ್ಷದ ವಯೋಮಿತಿ ಇದ್ದವು. ಅದು ಮೋಟಾರಿಗೆ ಮಾತ್ರ. ಚಕ್ಕಡಿಗೆ ಹಳೆಯ ಕಲಮುಗಳೇ ಮುಂದುವರಿದವು.