19 ವರ್ಷದವರು ಹಳೇ ಕಾಲದ ಬಂದೂಕು ಕೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮಗೆ 19 ವರ್ಷ, ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ, ಸ್ನೇಹಿತರ ಜೊತೆ ರೂಮು ಮಾಡಿಕೊಂಡಿದ್ದೀರಿ. ಚಿಂತಾಮಣಿ ಕಡೆಯ ಒಬ್ಬರು ಮದ್ದು ತುಂಬುವ ಹಳೇ ಬಂದೂಕಿನ ಫೋಟೋ ಕಳಿಸಿದ್ದಾರೆ. ಟಿಪ್ಪು ಕಾಲದ್ದು, ಆಂಟಿಕ್ ಆದ್ದರಿಂದ ಲೈಸೆನ್ಸ್ ಬೇಡ, 18 ತುಂಬಿದ್ದರೆ ಸಾಕು ಅಂದಿದ್ದಾರೆ. ಮುಂಗಡ ಕೊಡಲೇ ಅಂತ ಕೇಳಿದ್ದೀರಿ.

ಕೊಡಬೇಡಿ. ಗುಂಡು ಹಾರಿಸಬಲ್ಲ ಬಂದೂಕು ಅದಾಗಿದ್ದರೆ, ನಿಮ್ಮ ವಯಸ್ಸಿಗೆ ಅದನ್ನು ಕೊಳ್ಳುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು, ನಿಮಗೆ ಮಾರುವುದೂ ತಪ್ಪು.

ನಾನು ತುಮಕೂರಿನಲ್ಲಿ ವಕೀಲ, ಊರು ಮಧುಗಿರಿ ತಾಲ್ಲೂಕು. ನಮ್ಮ ಮನೆಯಲ್ಲೂ ತಾತ ತಗೊಂಡಿದ್ದ ಲೈಸೆನ್ಸ್ ಬಂದೂಕು ಇದೆ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತಿದ್ದ ಕಾಲದ್ದು. ಹಾಗಾಗಿ ಈ ಕಾನೂನು ನನಗೆ ಮನೆಯ ವಿಷಯವೂ ಹೌದು.

ಮೊದಲು ವಯಸ್ಸು. ಓಟು ಹಾಕಲು 18, ಕಾರು ಓಡಿಸಲು 18. ಬಂದೂಕಿಗೆ ಮಾತ್ರ 21 ತುಂಬಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಸೆಕ್ಷನ್ ಹೇಳುವುದು ಇದನ್ನೇ. ಮೊದಲು ಅಲ್ಲಿ 16 ಅಂತಿತ್ತು, 1983ರ ತಿದ್ದುಪಡಿಯಲ್ಲಿ 21 ಆಯಿತು. ಲೈಸೆನ್ಸ್ ಇರಲಿ, ಇಲ್ಲದಿರಲಿ, ಈ ವಯಸ್ಸಿನ ಗೆರೆ ಬೇರೆಯೇ. ಒಂದು ವಿನಾಯಿತಿ ಉಂಟು. ಗುರಿ ಹೊಡೆಯುವ ತರಬೇತಿಗೆ 12 ವರ್ಷ ತುಂಬಿದವರು ನಿಯಮದ ಪ್ರಕಾರ, ಹೇಳಿಕೊಡುವವರ ಕಣ್ಣೆದುರಿಗೆ ಬಂದೂಕು ಬಳಸಬಹುದು. ಬಳಸಬಹುದು ಅಷ್ಟೇ. ಮನೆಗೆ ತರುವಂತಿಲ್ಲ.

1898ಕ್ಕಿಂತ ಹಿಂದಿನ ಬಂದೂಕಿಗೆ ಕಾನೂನೇ ಇಲ್ಲ ಅಂತ ಎಲ್ಲೋ ಓದಿದ್ದಾಗಿ ಬರೆದಿದ್ದೀರಿ. ಅದು ಅಮೆರಿಕದ ಮಾತು. ಅಲ್ಲಿನ 1968ರ ಕೇಂದ್ರ ಕಾನೂನು 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದನ್ನು ಬಂದೂಕು ಅಂತಲೇ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಆಯಾ ರಾಜ್ಯಗಳ ಕಾನೂನು ಮತ್ತೆ ಬೇರೆ. ಚಿಂತಾಮಣಿಯಲ್ಲಿ ಕೊಂಡು ತುಮಕೂರಿಗೆ ತರುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ನಮ್ಮ ಕಾಯ್ದೆಯಲ್ಲೂ ಹಳೇ ಆಯುಧಕ್ಕೆ ಒಂದು ಬಾಗಿಲು ಇದೆ, 45ನೇ ಸೆಕ್ಷನ್ನಿನಲ್ಲಿ. ಬಳಕೆ ತಪ್ಪಿದ ಮಾದರಿಯದ್ದು, ಪುರಾತನ ಬೆಲೆಯುಳ್ಳದ್ದು, ಕೆಟ್ಟುಹೋದದ್ದು ಇವಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅಲ್ಲಿದೆ. ಮಾರುವವರು ಹೇಳುವುದು ಇಷ್ಟನ್ನೇ. ಅದರ ಬಾಲವನ್ನು ಹೇಳುವುದಿಲ್ಲ. ರಿಪೇರಿ ಮಾಡಿದರೂ, ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು ಅನ್ನುವುದೇ ಆ ಬಾಲ. ಕಾನೂನು ಕೇಳುವುದು ಇದಕ್ಕೆ ಎಷ್ಟು ವರ್ಷ ಅಂತಲ್ಲ, ಇದು ಹಾರುತ್ತದಾ ಅಂತ.

ಮದ್ದು ತುಂಬುವ ಬಂದೂಕಿನ ವಿಷಯದಲ್ಲಿ ಈ ಪರೀಕ್ಷೆ ಪಾಸಾಗುವುದು ಕಷ್ಟ. ಅದರ ರಚನೆ ಅಷ್ಟು ಸರಳ. ಒಂದು ನಳಿಗೆ, ಹಿಂಬದಿಯಲ್ಲಿ ಕಿಡಿ ಹೋಗಲು ಒಂದು ತೂತು, ಮೇಲೆ ಬಡಿಯುವ ಕುದುರೆ, ಅದಕ್ಕೊಂದು ಸ್ಪ್ರಿಂಗು. ಸ್ಪ್ರಿಂಗು ಮುರಿದಿದ್ದರೆ ಬೇರೆ ಹಾಕಬಹುದು. ತೂತಿಗೆ ತುಕ್ಕು ಕಟ್ಟಿದ್ದರೆ ಬಿಡಿಸಬಹುದು. ಮರದ ಹಿಡಿ ಹುಳ ತಿಂದಿದ್ದರೆ ಹೊಸದು ಮಾಡಿಸಬಹುದು. ಕೇಸಾದರೆ ಪೊಲೀಸರು ಅದನ್ನು ಪರಿಣತರಿಗೆ ಕಳಿಸುತ್ತಾರೆ. ಅವರು ನೋಡುವುದು ತುಕ್ಕಿನ ಕೆಳಗೆ ನಳಿಗೆ ಗಟ್ಟಿ ಇದೆಯಾ, ಕುದುರೆ ಎಳೆದರೆ ನಿಲ್ಲುತ್ತದಾ, ಬಿಟ್ಟರೆ ಬಡಿಯುತ್ತದಾ ಅನ್ನುವುದನ್ನು. ಗೋಡೆಗೆ ನೇತುಹಾಕಲು ಮಾತ್ರ ಇಟ್ಟಿದ್ದೆ ಅನ್ನುವ ನಿಮ್ಮ ಮಾತು ಆ ವರದಿಯಲ್ಲಿ ಎಲ್ಲೂ ಬರುವುದಿಲ್ಲ.

ಇನ್ನು ಟಿಪ್ಪು ಕಾಲದ್ದು ಅನ್ನುವ ಮಾತು. ಹೈದರಾಲಿ ಹುಟ್ಟಿದ್ದು ಕೋಲಾರದ ಬೂದಿಕೋಟೆಯಲ್ಲಿ, 1791ರಲ್ಲಿ ಇಂಗ್ಲಿಷರು ನಂದಿ ಕೋಟೆ ಹಿಡಿದದ್ದು ಟಿಪ್ಪುವಿನ ಸೈನ್ಯದಿಂದ. ಈ ಸೀಮೆಯಲ್ಲಿ ಯಾರಾದರೂ ಹಾಗೆ ಹೇಳಿದರೆ ನಂಬಬೇಕು ಅನ್ನಿಸುತ್ತದೆ, ಅಲ್ವಾ? ನೀವೇ ಹಾಕಿದ ಫೋಟೋವನ್ನು ದೊಡ್ಡದು ಮಾಡಿ ನೋಡಿ. ನಳಿಗೆಯ ಬುಡದಲ್ಲಿ, ಕುದುರೆ ಬಂದು ಬೀಳುವ ಜಾಗದಲ್ಲಿ ಒಂದು ಸಣ್ಣ ಮೊಳೆಯಂಥದ್ದಿದೆ. ಕೇಪು, ಅಂದರೆ ಬಡಿದರೆ ಕಿಡಿ ಹಾರುವ ಪುಟ್ಟ ಲೋಹದ ಟೊಪ್ಪಿ, ಕೂರಿಸುವುದು ಅದರ ಮೇಲೆ. ಕೇಪು ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಅವನ ಸೈನಿಕರ ಕೈಯಲ್ಲಿದ್ದ ಬಂದೂಕಿಗೆ ಚಕಮಕಿ ಕಲ್ಲು ಇರಬೇಕಿತ್ತು, ಪಕ್ಕದಲ್ಲಿ ಮದ್ದು ಹಾಕುವ ಪುಟ್ಟ ಬಟ್ಟಲು ಇರಬೇಕಿತ್ತು. ಯಾರೋ ಆಮೇಲೆ ಕೇಪಿಗೆ ಬದಲಾಯಿಸಿಕೊಂಡಿದ್ದರೆ ಬೇರೆ ಮಾತು. ಆದರೆ ಊರಿನ ಕಮ್ಮಾರರು ಮಾಡಿಕೊಟ್ಟ ನಾಡಬಂದೂಕಿಗೆ ತುಕ್ಕು ಹಿಡಿಸಿ ಟಿಪ್ಪುವಿನ ಹೆಸರು ಹೇಳುವುದು ಹೊಸದೇನಲ್ಲ. ನಿಮಗೆ ಚರಿತ್ರೆಯ ಮೇಲೆ ಇರುವ ಪ್ರೀತಿಯನ್ನು ಹೀಗೆ ದುಡ್ಡು ಮಾಡಿಕೊಳ್ಳುತ್ತಾರಲ್ಲ ಅನ್ನುವುದೇ ನನಗೆ ಬೇಜಾರು.

2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿದ್ದು ನಿಜ. ಕ್ಯೂರಿಯೋ, ಅಂದರೆ ಅಪರೂಪದ ಸಂಗ್ರಹದ ವಸ್ತು, ಅನ್ನುವ ವರ್ಗಕ್ಕೆ ಸೇರಿದ ಸಣ್ಣ ಆಯುಧಗಳನ್ನು ಕೊಂಡು ಇಟ್ಟುಕೊಳ್ಳಲು ಭಾರತೀಯರಿಗೆ ಲೈಸೆನ್ಸ್ ಬೇಡ ಅಂತ ಆಯಿತು. ಬಳಸಲು, ಹೊತ್ತೊಯ್ಯಲು, ಸಾಗಿಸಲು ಮಾತ್ರ ಬೇಕು. ಅಂದರೆ ಚಿಂತಾಮಣಿಯಿಂದ ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಂಡು ಬಂದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಜೊತೆಗೆ, ಇದು ಲೈಸೆನ್ಸ್‌ನ ವಿನಾಯಿತಿ. 9ನೇ ಸೆಕ್ಷನ್ನಿನ 21 ವರ್ಷ ಹಾಗೇ ಉಳಿದಿದೆ ಅನ್ನುವುದು ನನ್ನ ಅಭಿಪ್ರಾಯ. ಒಂದು ವಸ್ತು ಕ್ಯೂರಿಯೋ ಹೌದೋ ಅಲ್ಲವೋ ಅನ್ನುವುದನ್ನು ನೀವೋ ಮಾರುವವರೋ ತೀರ್ಮಾನ ಮಾಡಿಕೊಂಡರೆ ಆಗುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಯಿಂದ ಬರಹದಲ್ಲಿ ತಗೊಳ್ಳಬೇಕು.

ನೂರು ವರ್ಷ ದಾಟಿದ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಬರುತ್ತದೆ. ಅಂಥವನ್ನು ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ತುಮಕೂರಿನವರಿಗೆ, ಚಿಕ್ಕಬಳ್ಳಾಪುರದವರಿಗೆ ಅದು ಸಿಗುವುದಿಲ್ಲ.

ಶಿಕ್ಷೆಯನ್ನು ಹಗುರವಾಗಿ ತಗೊಳ್ಳಬೇಡಿ. ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೆ ಈಗ ಎರಡರಿಂದ ಐದು ವರ್ಷದವರೆಗೆ ಜೈಲು, ಮೇಲೆ ದಂಡ. 2019ರ ತಿದ್ದುಪಡಿಗೆ ಮೊದಲು ಒಂದರಿಂದ ಮೂರು ಇತ್ತು. ನಿಮ್ಮ ರೂಮಿನ ವಿಷಯ ಓದಿ ನನಗೆ ಜಾಸ್ತಿ ಚಿಂತೆಯಾಗಿದ್ದು 35ನೇ ಸೆಕ್ಷನ್ನಿನಿಂದ. ಹಲವರು ಒಟ್ಟಿಗೆ ಇರುವ ಜಾಗದಲ್ಲಿ ಆಯುಧ ಸಿಕ್ಕರೆ, ಅದು ಅಲ್ಲಿದೆ ಅಂತ ಗೊತ್ತಿತ್ತು ಅನ್ನಲು ಕಾರಣ ಇರುವ ಪ್ರತಿಯೊಬ್ಬರೂ ಹೊಣೆ. ಗೋಡೆಗೆ ನೇತುಹಾಕಿದ ಬಂದೂಕು ಗೊತ್ತಿರಲಿಲ್ಲ ಅಂತ ನಿಮ್ಮ ರೂಮ್‌ಮೇಟ್‌ಗಳು ಹೇಗೆ ಹೇಳುತ್ತಾರೆ? ಕ್ಯಾಂಪಸ್ ಇಂಟರ್‌ವ್ಯೂ ಹೊತ್ತಿಗೆ, ಪಾಸ್‌ಪೋರ್ಟ್ ವೆರಿಫಿಕೇಷನ್ ಹೊತ್ತಿಗೆ ಅವರ ಮೇಲೂ ಕೇಸ್ ಇರುತ್ತದೆ.

ನಿಜವಾಗಿ ಆಸೆ ಇದ್ದರೆ 21 ಆಗುವವರೆಗೆ ಕಾಯಿರಿ. ಆಮೇಲೆ ತುಮಕೂರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ. ಪೊಲೀಸ್ ವರದಿ ಬರುತ್ತದೆ, ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಕೇಳುತ್ತಾರೆ. ಕೊಟ್ಟರೆ ಐದು ವರ್ಷಕ್ಕೆ ಕೊಡುತ್ತಾರೆ, ಒಬ್ಬರಿಗೆ ಎರಡು ಬಂದೂಕಿಗಿಂತ ಜಾಸ್ತಿ ಇಲ್ಲ. ಬೆಳೆ ಕಾಯಲು ಮದ್ದು ತುಂಬುವ ಬಂದೂಕು ಅಂತ ಕಾಯ್ದೆಯಲ್ಲೇ ಹೆಸರಿಸಿದ್ದಾರೆ. ಮನೆಯ ಹಿರಿಯರ ಹತ್ತಿರ ಲೈಸೆನ್ಸ್ ಬಂದೂಕು ಇದ್ದರೆ ದಾರಿ ಇನ್ನೂ ಸಲೀಸು. ಅವರಿಗೆ 70 ವರ್ಷ ಆದಮೇಲೆ ಅಥವಾ ಬಂದೂಕು ಇಟ್ಟುಕೊಂಡು 25 ವರ್ಷ ಆದಮೇಲೆ ಬದುಕಿರುವಾಗಲೇ ವಾರಸುದಾರರ ಹೆಸರು ಸೂಚಿಸಬಹುದು. ನಮ್ಮ ತಾತನದು ಅಪ್ಪನ ಹೆಸರಿಗೆ ಬಂದದ್ದು ತಾತ ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಬಂದೂಕು ಸ್ಟೇಷನ್ನಿನಲ್ಲಿತ್ತು. ಈಗಲೂ ಚುನಾವಣೆ ಬಂದಾಗ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಸ್ಟೇಷನ್ನಿಗೆ ಕೊಟ್ಟು, ರಸೀದಿಯನ್ನು ಲೈಸೆನ್ಸ್ ಪುಸ್ತಕದೊಳಗೇ ಇಟ್ಟುಕೊಳ್ಳುತ್ತಾರೆ. ಪುಸ್ತಕದಲ್ಲಿರುವ ನಂಬರೂ ನಳಿಗೆಯ ಮೇಲೆ ಕೊರೆದ ನಂಬರೂ ಒಂದೇ ಇರಬೇಕು. ಪ್ರತಿ ಸಲ ಪೊಲೀಸರು ಮೊದಲು ಬೆರಳಿಟ್ಟು ನೋಡುವುದು ಅದನ್ನೇ.

ಮಾರುವವರಿಗೆ ಈಗ ಒಂದೇ ಒಂದು ಮೆಸೇಜ್ ಹಾಕಿ: ನಿಮ್ಮ ಲೈಸೆನ್ಸ್ ಪುಸ್ತಕದ ಪ್ರತಿ ಮತ್ತು ನಳಿಗೆಯ ನಂಬರಿನ ಫೋಟೋ ಕಳಿಸಿ, ಇಲ್ಲವೇ ಇದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಚಿಕ್ಕಬಳ್ಳಾಪುರ ಜಿಲ್ಲಾಧಿಕಾರಿ ಕಚೇರಿಯಿಂದ ಪತ್ರ ತನ್ನಿ. ಎರಡೂ ಬರದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ, ಸುಮ್ನೆ ನೋಡಿಬರೋಣ ಅಂತಲೂ ಹೋಗಬೇಡಿ. ಮುಂಗಡ ಆಗಲೇ ಕೊಟ್ಟಾಗಿದ್ದರೆ ದುಡ್ಡು ವಾಪಸ್ ಕೇಳಿ. ಕೊಡದಿದ್ದರೆ ದುಡ್ಡಿನ ಬದಲು ಬಂದೂಕು ತಗೊಂಡು ಬರಬೇಡಿ, ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ನಿಮ್ಮ ಹತ್ತಿರದ ಯಾವುದಾದರೂ ವಕೀಲರನ್ನು ನೋಡಿ.